ಮೂಗಿನವರೆಗೆ ಬಂದ ವರ

ವರನ ಮುಖ ಮೂಗಿನವರೆಗೆ ಇಳಿದು ಬಂದು, ಅಲ್ಲಿಗೆ ಬ್ರೌಸರ್ ಮುಚ್ಚಿಕೊಂಡಿತು. 1999ನೇ ಇಸವಿ ಜೂನ್ ಇಪ್ಪತ್ತೈದು, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ದಾವಣಗೆರೆ ಸರಸ್ವತಿ ನಗರದ ವಾಮದೇವಪ್ಪನವರು ಗಡಿಯಾರ ನೋಡಿ ಹೊತ್ತನ್ನು ಬರೆದುಕೊಂಡರು.

ಮಗಳು ಕೃತಿಕಾ ಮತ್ತೆ ಒತ್ತಿದಳು. ಇಂಟರ್ನೆಟ್ಟಿಗೆ ಜೋಡಿಸಿದ್ದ ಟೆಲಿಫೋನು ಕಿರುಗುಟ್ಟಿತು. ಕೂದಲು ಬಂತು, ಹಣೆ ಬಂತು, ಹಣೆಯ ಮೇಲಿನ ವಿಭೂತಿ ಬಂತು. ಹುಬ್ಬು, ಕಣ್ಣು, ಅರ್ಧ ಮೂಗು. ಮುಚ್ಚಿಕೊಂಡಿತು. ಕಂಪ್ಯೂಟರ್ ಆರಿಸಿ ಹೊತ್ತಿಸಿದಳು. ಮತ್ತೆ ಅರ್ಧ ಮೂಗು.

ವರ ಹರಿಹರದ ಪ್ರಶಾಂತ. ಅಲ್ಲಿ ಬಸ್ ನಿಲ್ದಾಣದ ಎದುರಿಗೆ ಅವನದು ಕಬ್ಬಿಣದ ಅಂಗಡಿ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಗಲ್ಲಾದ ಮೇಲೆ ಪೂರ್ತಿ ಮುಖದೊಂದಿಗೆ ಕೂತಿರುತ್ತಾನೆ. ಸರಸ್ವತಿ ನಗರದಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್. ಹತ್ತು ನಿಮಿಷಕ್ಕೊಂದು ಬಸ್ಸು.

ಆದರೆ ಸಮಾಜದ ವಧೂವರ ಸಮಿತಿ ಯುಗಾದಿಯ ನಂತರ ಗಣಕೀಕರಣಗೊಂಡಿತ್ತು. ಏಳನೇ ಠರಾವು ಹೀಗಿದೆ: 'ಇನ್ನು ಮುಂದೆ ವಧೂವರರ ವೀಕ್ಷಣೆಯನ್ನು ಬ್ರೌಸರ್ ಮೂಲಕವೇ ನಡೆಸತಕ್ಕದ್ದು. ಕಾಗದದ ಫೋಟೋ, ಖುದ್ದು ಭೇಟಿ, ಮದುವೆ ಊಟದ ಪಂಕ್ತಿಯಲ್ಲಿ ಓರೆಗಣ್ಣಿನಿಂದ ನೋಡುವುದು ಇವು ಊರ್ಜಿತವಲ್ಲ.' ವೀಕ್ಷಣೆ ಆದ ಮೇಲೆ ಸಮಿತಿ ಪತ್ರ ಕೊಡುತ್ತದೆ. ಪತ್ರವಿಲ್ಲದೆ ನಿಶ್ಚಿತಾರ್ಥಕ್ಕೆ ಹಿರಿಯರು ಬರುವುದಿಲ್ಲ. ವೀಕ್ಷಣೆಗೆ ಶುಲ್ಕವಿತ್ತು. ಅರ್ಧ ಮುಖಕ್ಕೂ ಪೂರ್ತಿ ಶುಲ್ಕ.

ಆಷಾಢಕ್ಕೆ ಹದಿನೆಂಟು ದಿನ ಉಳಿದಿತ್ತು. ಅಷ್ಟರೊಳಗೆ ನಿಶ್ಚಯವಾಗದಿದ್ದರೆ ಹರಿಹರದವರು ರಾಣೆಬೆನ್ನೂರಿನ ಹೆಣ್ಣಿಗೆ ಹೂಂ ಅನ್ನುವವರಿದ್ದರು.

ಕಂಡಷ್ಟಕ್ಕೆ ಒಪ್ಪಿಬಿಡು, ಹಣೆ ಅಗಲ ಐತೆ ಎಂದರು ವಾಮದೇವಪ್ಪ. ಕೃತಿಕಾ ಒಪ್ಪಲಿಲ್ಲ.

"ನಗೋದು ಹೆಂಗೆ ಅಂತ ನೋಡಬೇಕಪ್ಪ. ಬಾಯಿ ಬರದೆ ಹೂಂ ಅನ್ನಲ್ಲ."

"ನಿಮ್ಮಪ್ಪನ್ನ ನಾನು ಪೂರ್ತಿ ನೋಡೇ ಮದುವಿ ಆಗಿದ್ದೆ," ಎಂದರು ತಾಯಿ ಶಕುಂತಲಮ್ಮ, ಹಸಿಮೆಣಸಿನಕಾಯಿ ಸೀಳುತ್ತ. "ಏನು ಪ್ರಯೋಜನ ಆತು?"

ರಿಪೇರಿಗೆ ಅಬ್ದುಲ್ ರಹೀಮರು ಬಂದರು. ಇಪ್ಪತ್ತು ವರ್ಷ ರೇಡಿಯೋ ಬಿಚ್ಚಿದವರು. ಎರಡು ವರ್ಷದಿಂದ ಕಂಪ್ಯೂಟರ್ ಬಿಚ್ಚುತ್ತಿದ್ದರು. ಈ ಸಲ ಬಿಚ್ಚಲೂ ಇಲ್ಲ. ನಾಲ್ಕು ಕಡೆ ಒತ್ತಿ ನೋಡಿ, ಕನ್ನಡಕ ತೆಗೆದರು.

"ಸಾಹೇಬ್ರ, ನೋಡಿದ್ ಫೋಟೋ ಎಲ್ಲಾ ಇದು ತನ್ನ ಹೊಟ್ಟೇಲಿ ಇಟ್ಕಂಡೈತೆ. ಜಾಗ ಇಲ್ಲ. ಅದಕ್ಕೇ ಸಾಯ್ತೈತೆ. ಅಳಿಸಿದ್ರ ಎರಡು ನಿಮಿಷದ ಕೆಲಸ."

ಕೃತಿಕಾ ಅಳಿಸಿರಿ ಎಂದಳು. ವಾಮದೇವಪ್ಪ ಕೈ ಅಡ್ಡ ಹಿಡಿದರು.

ಅವರು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಇದ್ದು ನಿವೃತ್ತರಾದವರು. ಅವರ ಕಾಲದಲ್ಲಿ ಆದೇಶವಿಲ್ಲದೆ ಒಂದು ಚೀಟಿ ನಾಶವಾಗಿರಲಿಲ್ಲ. ಗೆದ್ದಲು ತಿಂದದ್ದಕ್ಕೂ ಷರಾ ಬರೆದಿದ್ದರು. ಹೊಟ್ಟೆಯೊಳಗಿದ್ದ ಫೋಟೋ ಅರವತ್ಮೂರು. ಎಲ್ಲವೂ ಸಮಿತಿಯ ವರರು, ಹಿಂದೆ ಬಂದು ಹೋದ ಸಂಬಂಧಗಳು. ಸಮಿತಿಯ ಆಸ್ತಿ.

"ಅಳಿಸೋದಕ್ಕೆ ಯಾರ ಆದೇಶ ಐತೆ?" ಎಂದರು.

ರಹೀಮರು ಕನ್ನಡಕ ಹಾಕಿಕೊಂಡರು. ರೇಡಿಯೋ ಕಾಲವೇ ಚೆನ್ನಾಗಿತ್ತು ಎಂದಷ್ಟೇ ಹೇಳಿದರು.

ಸಮಿತಿಯ ಅಧ್ಯಕ್ಷ ರಾಮಚಂದ್ರಪ್ಪನವರಿಗೆ ಅರ್ಜಿ ಹೋಯಿತು. ಅವರು ತಡ ಮಾಡುವ ಪೈಕಿ ಅಲ್ಲ. ಮರುದಿನವೇ ದೇವಸ್ಥಾನದ ಗೋಡೆಗೆ ಪ್ರಕಟಣೆ ಹಚ್ಚಿಸಿದರು.

'ಶ್ರೀ ವಾಮದೇವಪ್ಪನವರ ಗೃಹ ಗಣಕಯಂತ್ರದಲ್ಲಿರುವ ಅರವತ್ಮೂರು ವರರನ್ನು ಅಳಿಸಲು ಉದ್ದೇಶಿಸಲಾಗಿದೆ. ಅಳಿಸಲ್ಪಡುವವರಿಂದ ಆಕ್ಷೇಪಣೆಗಳಿದ್ದಲ್ಲಿ ಏಳು ದಿನದೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು.'

ಎರಡು ಆಕ್ಷೇಪಣೆ ಬಂದವು. ಬಾತಿಯ ವರನೊಬ್ಬ, ತನ್ನನ್ನು ಹೋದ ತಿಂಗಳು ಬೇಡ ಅಂದದ್ದು ನಿಜ, ಆದರೆ ಹೆಣ್ಣಿನ ಮನಸ್ಸು ತಿರುಗಬಹುದು, ಅಲ್ಲಿಯವರೆಗೆ ಇಟ್ಟುಕೊಳ್ಳಿ ಎಂದು ಕೋರಿದ್ದ. ನಂದಿಗುಡಿಯ ತಂದೆಯೊಬ್ಬರು, ಬದುಕಿರುವ ಮಗನನ್ನು ಅಳಿಸುವುದು ಶುಭವಲ್ಲ, ಅಳಿಸಲೇಬೇಕಾದರೆ ಅಮಾವಾಸ್ಯೆ ಬಿಟ್ಟು ಬೇರೆ ದಿನ ಅಳಿಸಿ ಎಂದು ಬರೆದಿದ್ದರು. ಎರಡನ್ನೂ ಪರಿಗಣಿಸಲಾಯಿತು. ಬಾತಿಯವನನ್ನು ಉಳಿಸಿಕೊಳ್ಳಲು ತೀರ್ಮಾನವಾಯಿತು. ಅವನ ಮನಸ್ಸಿಗೆ ನೋವಾಗಬಾರದೆಂದು ಕೃತಿಕಾಳನ್ನು ಕೇಳಲಿಲ್ಲ.

ಆಮೇಲೆ ಪರಿಶೀಲನೆ. ನಾಶಪಡಿಸುವ ದಾಖಲೆಯನ್ನು ನಾಶಕ್ಕೆ ಮುಂಚೆ ಒಂದೊಂದಾಗಿ ತೆರೆದು ನೋಡಿ ರುಜು ಮಾಡಬೇಕು. ಅಧ್ಯಕ್ಷರೂ ಇಬ್ಬರು ಸದಸ್ಯರೂ ಜುಲೈ ಐದರಿಂದ ದಿನಾ ಸಂಜೆ ಬಂದರು. ಶಕುಂತಲಮ್ಮ ಮಂಡಕ್ಕಿ ಒಗ್ಗರಣೆ ಹಾಕಿದರು, ಮಿರ್ಚಿ ಕರಿದರು. ಒಂದೊಂದು ವರನಿಗೆ ಒಂದೊಂದು ತಟ್ಟೆ ಮಿರ್ಚಿ ಖರ್ಚಾಯಿತು. ಮುಖಗಳು ನಿಧಾನ ಇಳಿಯುತ್ತಿದ್ದವು. ಸದಸ್ಯರಿಗೆ ಅವಸರವಿರಲಿಲ್ಲ. ಮೊದಲ ದಿನದ ಚಟ್ನಿಗೆ ಉಪ್ಪು ಕಡಿಮೆಯಾಗಿತ್ತೆಂದು ನಡಾವಳಿ ಪುಸ್ತಕದಲ್ಲಿ ನಮೂದಾಯಿತು.

ಒಂದು ಸಂಗತಿ ಕೃತಿಕಾಳ ಕಣ್ಣಿಗೆ ಬಿತ್ತು. ತೆರೆದು ನೋಡಿದ ಪ್ರತಿ ಫೋಟೋದ ಇನ್ನೊಂದು ಪ್ರತಿ ಕಂಪ್ಯೂಟರಿನ ಹೊಟ್ಟೆ ಸೇರುತ್ತಿತ್ತು. ಅಳಿಸಲಿಕ್ಕೆ ನೋಡಿದಷ್ಟೂ ಅಳಿಸುವುದು ಬೆಳೆಯುತ್ತಿತ್ತು. ಅವಳು ಹೇಳಿದಳು. ಅಧ್ಯಕ್ಷರು ಗಂಭೀರವಾಗಿ ಕೇಳಿ ಬರೆಸಿದರು: 'ಪರಿಶೀಲಿಸಿದ ವರರು ಅರವತ್ತೆರಡು. ಪರಿಶೀಲನೆಯಿಂದ ಉತ್ಪನ್ನವಾದ ವರರು ಅರವತ್ತೆರಡು. ಹೊಸಬರಿಗೂ ಏಳು ದಿನದ ಪ್ರಕಟಣೆ ಕೊಡತಕ್ಕದ್ದು. ಪ್ರಗತಿ ತೃಪ್ತಿಕರ.'

ಅಂದು ಸಂಜೆ ಕೃತಿಕಾ ಪ್ರಶಾಂತನನ್ನು ತೆರೆದು ನೋಡಿದಳು. ಮೂಗು ಹೋಗಿತ್ತು. ಈಗ ಬ್ರೌಸರ್ ಹುಬ್ಬಿಗೇ ಮುಚ್ಚಿಕೊಳ್ಳುತ್ತಿತ್ತು. ಮರುದಿನ ಹಣೆಯೂ ಹೋಯಿತು. ಉಳಿದದ್ದು ಕೂದಲು. ಆಷಾಢಕ್ಕೆ ಮೂರು ದಿನ.

ಅವಳು ಚಪ್ಪಲಿ ಮೆಟ್ಟಿದಳು. ಹರಿಹರಕ್ಕೆ ಹೋಗಿ ಬರುತ್ತೇನೆಂದು ಹೇಳಿದಳು.

"ಅದು ಊರ್ಜಿತ ಅಲ್ಲವ್ವ," ಎಂದರು ವಾಮದೇವಪ್ಪ.

"ಗೊತ್ತಪ್ಪ," ಎಂದು ಬಸ್ಸು ಹತ್ತಲು ಹೋದಳು.

ಕಬ್ಬಿಣದ ಅಂಗಡಿಯಲ್ಲಿ ಒಂದು ಕಿಲೋ ಮೊಳೆ ಕೇಳಿದಳು. ಗಲ್ಲಾದ ಮೇಲೆ ಕೂತವನು ಎಷ್ಟು ಇಂಚಿನದು ಎಂದು ಕೇಳಿದ. ಅದನ್ನು ಅವಳು ಯೋಚಿಸಿಕೊಂಡು ಬಂದಿರಲಿಲ್ಲ.

"ಯಾವುದಾದ್ರೂ ಕೊಡ್ರಿ."

ಅವನು ನಕ್ಕ. ಮುಂದಿನ ಹಲ್ಲೊಂದು ಸ್ವಲ್ಪ ಓರೆ. ನಗುವಾಗ ಅದನ್ನು ಮುಚ್ಚಿಕೊಳ್ಳುವ ಪ್ರಯತ್ನವನ್ನೇನೂ ಮಾಡಲಿಲ್ಲ. ಕೃತಿಕಾ ನೋಡಬೇಕಾದದ್ದನ್ನು ನೋಡಿದಳು. ಹದಿನಾಲ್ಕು ಕಿಲೋಮೀಟರ್ ಸಾರ್ಥಕ ಅನಿಸಿತು.

ಬಿಲ್ಲಿಗೆ ಹೆಸರು ಕೇಳಿದ. ಕೃತಿಕಾ, ಸರಸ್ವತಿ ನಗರ ಎಂದಳು. ಅವನ ಕೈ ನಿಂತಿತು. ತಲೆಯೆತ್ತಿ ಅವಳ ಮುಖ ನೋಡಿದ, ನಿಧಾನವಾಗಿ, ಮೇಲಿನಿಂದ ಕೆಳಕ್ಕೆ.

"ನಮ್ಮನ್ಯಾಗ ನೀವು ಬೈತಲೆ ತನಕ ಬಂದಿದ್ರಿ," ಎಂದ. "ಮುಂದ ಬರಲೇ ಇಲ್ಲ."

ನಿಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಅವಳು ಕೇಳಿದಳು. ಎಂಬತ್ತು ಎಂದು ಅವನು ತಲೆ ತಗ್ಗಿಸಿದ. ಮೊಳೆಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಬಿಲ್ಲು ಮಾತ್ರ ಬರೆದು ಕೊಟ್ಟ.

ಮನೆಗೆ ಬಂದು ಕೃತಿಕಾ ಹೂಂ ಅಂದಳು. ಶಕುಂತಲಮ್ಮ ಸಕ್ಕರೆ ಡಬ್ಬಿ ತೆಗೆದರು. ವಾಮದೇವಪ್ಪನವರಿಗೂ ಸಂತೋಷವೇ. ಆದರೆ ಪತ್ರಕ್ಕಾಗಿ ಸಮಿತಿಗೆ ತುಂಬಿ ಕೊಡಬೇಕಾದ ನಮೂನೆಯಲ್ಲಿ 'ಬ್ರೌಸರ್ ಮೂಲಕ ನೋಡಿದ ಭಾಗ' ಎಂಬ ಕಾಲಮು ಇತ್ತು. ಮೂವತ್ತೊಂದು ವರ್ಷ ಸುಳ್ಳು ಬರೆಯದ ಕೈ. 'ಕೂದಲು' ಎಂದು ಬರೆದರು.

ಸಮಿತಿ ತುರ್ತು ಸಭೆ ಸೇರಿತು. ವಾಮದೇವಪ್ಪನವರು ನಮೂನೆಗೆ ಲಗತ್ತಿಸಿದ್ದ ಮೊಳೆಯ ಬಿಲ್ಲು ಸಭೆಯ ಮುಂದೆ ಬಂತು. ಇದು ಖುದ್ದು ಭೇಟಿಯೇ ಎಂದು ಒಬ್ಬ ಸದಸ್ಯರು ಎದ್ದರು. ಅಲ್ಲ, ಮೊಳೆ ಖರೀದಿ ಎಂದರು ಅಧ್ಯಕ್ಷರು. ಖರೀದಿಯ ವೇಳೆ ಕಂಡ ಬಾಯಿ ಆಕಸ್ಮಿಕ. ಅದನ್ನು ಪರಿಗಣಿಸುವಂತೆಯೂ ಇಲ್ಲ, ಆಕ್ಷೇಪಿಸುವಂತೆಯೂ ಇಲ್ಲ. ಮಿರ್ಚಿ ಬಂತು. ಎಂಟನೇ ಠರಾವು ಸರ್ವಾನುಮತದಿಂದ ಪಾಸಾಯಿತು.

'ವರನ ಕೂದಲು ಸಮರ್ಪಕವಾಗಿ ಕಂಡಿರುವುದರಿಂದ, ಅದರ ಕೆಳಗಿನ ಭಾಗವೂ ಇದ್ದೇ ಇರತಕ್ಕದ್ದೆಂದು ಭಾವಿಸಿ, ವೀಕ್ಷಣೆ ಪೂರ್ಣಗೊಂಡಿದೆ ಎಂದು ಪರಿಗಣಿಸಲಾಗಿದೆ. ಇನ್ನು ಮುಂದೆ ಎಲ್ಲ ಸಂಬಂಧಗಳಿಗೂ ಕೂದಲಿನವರೆಗಿನ ವೀಕ್ಷಣೆ ಸಾಕು. ಶುಲ್ಕದಲ್ಲಿ ಬದಲಾವಣೆ ಇಲ್ಲ.'

ಸಮಾಜದವರು ಇದನ್ನು ಮೆಚ್ಚಿದರು. ಟೆಲಿಫೋನ್ ಬಿಲ್ಲು ಇಳಿಯಿತು. ಬೋಳುತಲೆಯ ವರರ ತಂದೆಯಂದಿರು ಮಾತ್ರ ಒಂದು ಮನವಿ ಕೊಟ್ಟರು. ಅದರ ಪರಿಶೀಲನೆಗೆ ಉಪಸಮಿತಿ ರಚನೆಯಾಯಿತು.

ನಿಶ್ಚಿತಾರ್ಥ ಆಷಾಢಕ್ಕೆ ಎರಡು ದಿನ ಇರುವಾಗ, ಮದುವೆ ಶ್ರಾವಣದಲ್ಲಿ. ಕಡತಕ್ಕೆ ಹಚ್ಚಲು ಮದುವೆಯ ಫೋಟೋ ಒಂದನ್ನು ಸಮಿತಿ ಕೇಳಿತು. ವಾಮದೇವಪ್ಪನವರು ಅಡಿಪಟ್ಟಿ ಇಟ್ಟು, ಗಂಡು ಹೆಣ್ಣು ಇಬ್ಬರನ್ನೂ ಕೂದಲಿನ ಕೆಳಗೆ ನೀಟಾಗಿ ಕತ್ತರಿಸಿ ಕೊಟ್ಟರು. ದಾಖಲೆಗೆ ತಾಳೆಯಾಯಿತು.