ಕೆಂಟನ್ ಶೆಡ್ಡಿನಲ್ಲಿ ಕೇಪು ಕೂರಿಸಿದ್ದು

ಹೆದರುವವರನ್ನೇ ಹುಡುಕಿಕೊಂಡು ಬಂದು ಹೆದರಿಸುವ ಸಾಮಾನುಗಳು ಕೆಲವಿರುತ್ತವೆ. ನನ್ನ ಪಾಲಿಗೆ ಅದು ತೋಟಾ ತುಂಬುವ ಪ್ರೆಸ್. ದೀಪಾವಳಿಯಲ್ಲಿ ಲಕ್ಷ್ಮೀ ಪಟಾಕಿಗೆ ಕಿವಿ ಮುಚ್ಚಿಕೊಂಡು ಒಳಕ್ಕೆ ಓಡುತ್ತಿದ್ದವನು ನಾನು. ಲಂಡನ್ ಒಲಿಂಪಿಕ್ಸ್ ಮುಗಿದ ಮರುವರ್ಷ ಸಹೋದ್ಯೋಗಿಯೊಬ್ಬ ಗುರಿ ಹೊಡೆಯುವ ಕ್ಲಬ್ಬಿಗೆ ಕರೆದುಕೊಂಡು ಹೋದ. ರುಚಿ ಹತ್ತಿತು. ಪೊಲೀಸರಿಂದ ಕೋವಿ ಇಟ್ಟುಕೊಳ್ಳುವ ಸರ್ಟಿಫಿಕೇಟೂ ಸಿಕ್ಕಿತು. ಆಮೇಲೆ, ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುವ ಮೆಷಿನ್ ಲಂಡನ್ನಿನ ಕೆಂಟನ್‌ನಲ್ಲಿರುವ ನಮ್ಮ ಮನೆಯ ಹಿತ್ತಲಿನ ಶೆಡ್ಡಿಗೆ ಬಂತು.

ಹಿಡಿಕೆ ಎಳೆದಂತೆಲ್ಲ ತಟ್ಟೆ ತಿರುಗುತ್ತದೆ, ತೋಟಾಗಳು ಒಂದೊಂದು ಮನೆ ಮುಂದಕ್ಕೆ ಹೋಗುತ್ತವೆ. ಅದರಲ್ಲಿ ಒಂದು ಮನೆಯಲ್ಲಿ, ಹಿಡಿಕೆಯನ್ನು ಆಚೆಗೆ ಒತ್ತಿ ತೋಟಾದ ಬುಡಕ್ಕೆ ಪ್ರೈಮರ್ ಕೂರಿಸಬೇಕು. ನಮ್ಮ ಕುಂದಾಪುರದಲ್ಲಿ ಅದಕ್ಕೆ ಕೇಪು ಎನ್ನುತ್ತಾರೆ. ಬೇಳೆಯಷ್ಟೇ ಗಾತ್ರ. ಪೆಟ್ಟು ಬಿದ್ದರೆ ಸಿಡಿದು ತೋಟಾದೊಳಗಿನ ಮದ್ದಿಗೆ ಬೆಂಕಿ ಹಚ್ಚುತ್ತದೆ. ನನ್ನ ಜೀವ ಹೋಗುತ್ತಿದ್ದದ್ದು ಅಲ್ಲೇ.

ಕಾಲಡಿ

ಮೊದಲ ಭಾನುವಾರ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಕೈಗೆ ಗ್ಲೌಸು. ಹಿಡಿಕೆ ಎಳೆದೆ. ಏನೋ ಟಿಕ್ಕೆಂದು ಹಾರಿ ನೆಲಕ್ಕೆ ಬಿತ್ತು. ಬಲಗಾಲಿನ ಚಪ್ಪಲಿಯಡಿ ಗಟ್ಟಿಯಾಗಿ ಸಿಕ್ಕಿತು.

ನಾನು ಕಾಲು ಎತ್ತಲಿಲ್ಲ. ಎತ್ತಿದರೂ ಸಿಡಿಯಬಹುದು, ಒತ್ತಿದರೂ ಸಿಡಿಯಬಹುದು. ಬೆವರು ಕನ್ನಡಕದೊಳಗೆ ಇಳಿಯಿತು. ಹತ್ತು ನಿಮಿಷ ಹಾಗೇ ನಿಂತೆ. ಊಟಕ್ಕೆ ಕರೆದು ಕರೆದು ಸಾಕಾಗಿ ಹೆಂಡತಿ ಬಂದಳು.

"ಹ್ವಾಯ್, ಎಂತ ಆಯ್ತ್ ನಿಮ್ಗೆ?"

"ಹತ್ತಿರ ಬರಬೇಡ! ಕೇಪಿನ ಮೇಲೆ ನಿಂತಿದ್ದೇನೆ."

ಅವಳು ಬಗ್ಗಿ, ನನ್ನ ಮೊಣಕಾಲು ಹಿಡಿದು, ಕಾಲನ್ನು ಸೀದಾ ಎತ್ತಿಬಿಟ್ಟಳು. ನಾನು ಕಣ್ಣು ಮುಚ್ಚಿದೆ.

"ಗುಂಡೂ ಅಲ್ಲ, ಕೇಪೂ ಅಲ್ಲ. ನಿಮ್ಮ ಅಂಗಿ ಗುಂಡಿ," ಎಂದಳು. "ಸೂಜಿ ತರ್ತೆ, ಇಲ್ಲೇ ನಿಲ್ಲಿ. ಸೂಜಿ ಸಿಡಿಯುದಿಲ್ಲ."

ಪಕ್ಕದ ಮನೆ

ಪಕ್ಕದ ಮನೆಯ ಗುಜರಾತಿ ಆಂಟಿ ಬೇಲಿಯಾಚೆಯಿಂದ ಶೆಡ್ಡನ್ನೇ ನೋಡುವುದು ನನಗೆ ಗೊತ್ತಿತ್ತು. ಕಾಗದಪತ್ರ ಎಲ್ಲ ಸರಿಯಿದ್ದರೂ ಹೆದರಿಕೆ ಬಿಡುತ್ತಿರಲಿಲ್ಲ. ನಮ್ಮ ಬಣ್ಣದ ಮನುಷ್ಯ, ಬಾಗಿಲು ಹಾಕಿದ ಶೆಡ್ಡು, ಒಳಗೆ ಖಟಕ್ ಖಟಕ್ ಸದ್ದು. ಯಾರಾದರೂ ಫೋನು ಮಾಡಿದರೆ?

ಒಂದು ದಿನ ಆಕೆ ನನ್ನ ಹೆಂಡತಿಯನ್ನು ಕೇಳಿಯೇ ಬಿಟ್ಟರು: "ಭಾಯಿ ಒಳಗೆ ಏನು ಮಾಡುತ್ತಾರೆ?"

ಹೆಂಡತಿ ಸುಳ್ಳು ಹೇಳಲಿಲ್ಲ. "ಪ್ರೆಸ್ ಇದೆ, ಪ್ರೆಸ್ ಮಾಡುತ್ತಾರೆ," ಎಂದಳು.

ಮರುದಿನ ಬೆಳಿಗ್ಗೆ ಆಂಟಿ ಐದು ಸೀರೆ ತಂದುಕೊಟ್ಟು ಹೋದರು. ಬೇರೆ ದಾರಿಯಿರಲಿಲ್ಲ. ಐದಕ್ಕೂ ನಾನೇ ಇಸ್ತ್ರಿ ಹಾಕಿದೆ. ಸಂಜೆ ತೆಗೆದುಕೊಂಡು ಹೋಗಲು ಬಂದವರು ಒಂದೊಂದನ್ನೂ ಬಿಡಿಸಿ ನೋಡಿ ಮುಖ ಗಂಟಿಕ್ಕಿದರು.

"ಅಷ್ಟು ಸದ್ದು ಮಾಡಿ ಇಷ್ಟೇನಾ?"

ಬಿಸ್ಕತ್ತು

ಕೆಲವು ವಾರಗಳಾದ ಮೇಲೆ ಕೇಪುಗಳು ಸರಿಯಾಗಿ ಕೂರುವುದನ್ನೇ ಬಿಟ್ಟವು. ಬೆರಳು ಸವರಿದರೆ ಬುಡದಲ್ಲಿ ಮೊಡವೆಯಂತೆ ತಟ್ಟುತ್ತಿತ್ತು. ಹಾಗೆ ಹೊರಗೆ ಚಾಚಿಕೊಂಡದ್ದು ತಟ್ಟೆಗೆ ಅಡ್ಡ ಬಂದು ಮೆಷಿನ್ನೇ ಸಿಕ್ಕಿಹಾಕಿಕೊಂಡಿತು. ಜೋರು ಮಾಡಿ ಎಳೆಯಲು ನನಗೆಲ್ಲಿಯ ಧೈರ್ಯ? ಕ್ಲಬ್ಬಿನ ಅಜ್ಜನಿಗೆ ಫೋನು ಮಾಡಿದೆ. ಅವರು ನಿವೃತ್ತ ಬಸ್ ಡ್ರೈವರ್, ಇಂಗ್ಲೆಂಡಿನವರೇ.

"ಕೈ ತೆಗಿ. ಏನೂ ಮುಟ್ಟಬೇಡ. ಬರುತ್ತೇನೆ," ಎಂದರು.

ಅವರು ಒಂದೊಂದೇ ಕೇಪನ್ನು ಹೊರಗೆ ತೆಗೆದು ಡಬ್ಬಿಗೆ ಹಾಕುತ್ತಿದ್ದಾಗ ನಾನು ಬೆಂಕಿ ಆರಿಸುವ ಸಿಲಿಂಡರ್ ಅಪ್ಪಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಮೆಷಿನ್ ಪೂರ್ತಿ ಖಾಲಿಯಾಯಿತು. ಅಜ್ಜ ತಮ್ಮ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟು, "ಈಗ ಹಿಡಿಕೆ ಒತ್ತು," ಎಂದರು.

ಒತ್ತಿದೆ. ಚಹಾ ತುಳುಕಿ ಅವರ ಪ್ಯಾಂಟಿನ ಮೇಲೆ ಬಿತ್ತು.

"ಮೆಷಿನ್ನಿಗೆ ಏನೂ ಆಗಿಲ್ಲ. ನೀನು ಒತ್ತಿದಾಗ ಮೇಜು ಕುಣಿಯುತ್ತದೆ, ಪ್ರೈಮರ್ ಅರ್ಧಕ್ಕೇ ನಿಲ್ಲುತ್ತದೆ. ಮೇಜಿನ ಬೋಲ್ಟ್ ಎರಡೂ ಸಡಿಲ. ಅಂದ ಹಾಗೆ, ನೀನು ಮಾಡುವ ಕೆಲಸ ಏನು?"

"ಪಾರ್ಕ್ ರಾಯಲ್‌ನ ಬಿಸ್ಕತ್ ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ," ಎಂದೆ, ತಲೆ ತಗ್ಗಿಸಿ.

ಅಜ್ಜ ಪ್ಯಾಂಟು ಒರೆಸಿಕೊಳ್ಳುತ್ತ ಕೇಳಿದರು: "ಯಾವ ಬಿಸ್ಕತ್ತು ಹೇಳು. ಇನ್ನು ಮೇಲೆ ತಿನ್ನುವುದಿಲ್ಲ."

ಮೂವತ್ತು

ಬೋಲ್ಟ್ ಬಿಗಿ ಮಾಡಿ ತುಂಬಿದ ತೋಟಾಗಳ ಮೊದಲ ಕಂತನ್ನು ತೆಗೆದುಕೊಂಡು ಕ್ಲಬ್ಬಿನ ರೇಂಜಿಗೆ ಹೋದೆ. ಗುರಿ ಇಟ್ಟು ಕೋವಿಯ ಕುದುರೆ ಎಳೆದೆ. ಕ್ಲಿಕ್. ಅಷ್ಟೇ.

ಗುಂಡು ಹಾರಿಲ್ಲವೆಂದರೆ ತಡವಾಗಿಯಾದರೂ ಹಾರಬಹುದು. ಅದಕ್ಕೇ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡು ಕಾಯಬೇಕು. ರೇಂಜಿನ ಉಸ್ತುವಾರಿ ಒಬ್ಬ ನಿವೃತ್ತ ಟೀಚರಮ್ಮನದು. "ಯಾರೂ ಅಲುಗಬೇಡಿ!" ಎಂದು ಕೂಗಿದರು. ಸಾಲಿಗೆ ಸಾಲೇ ಸ್ತಬ್ಧ. ಕೋವಿ ಈಗ ಸಿಡಿಯುತ್ತದೆ, ಈಗ ಸಿಡಿಯುತ್ತದೆ ಎಂದೇ ಅನಿಸುತ್ತಿತ್ತು. ಕಣ್ಣು ಮುಚ್ಚಿ ಎಣಿಸತೊಡಗಿದೆ. ಹೆದರಿಕೆಯಲ್ಲಿ ಇಂಗ್ಲಿಷ್ ಮರೆತುಹೋಗಿತ್ತು. "ಒಂದು, ಎರಡು, ಮೂರು..." ಧ್ವನಿ ನಡುಗಿ ರಾಗವಾಗಿಯೇ ಹೊರಬರುತ್ತಿತ್ತು.

ಮೂವತ್ತಕ್ಕೆ ಕಣ್ಣು ಬಿಟ್ಟು ನೋಡಿದರೆ ಅಜ್ಜನೂ ಸೇರಿ ಎಲ್ಲರೂ ಟೋಪಿ ತೆಗೆದು, ತಲೆ ತಗ್ಗಿಸಿ ನಿಂತಿದ್ದಾರೆ. ನಾನು ಕೊನೆಯ ಪ್ರಾರ್ಥನೆ ಹೇಳುತ್ತಿದ್ದೇನೆಂದು ತಿಳಿದಿದ್ದರು.

ಎರಡನೆಯ ತೋಟಾವೂ ಕ್ಲಿಕ್. ಮತ್ತೆ ಎಣಿಕೆ, ಮತ್ತೆ ಟೋಪಿ ಇಳಿದವು. ಮೂರನೆಯದೂ ಅದೇ. ಕೊನೆಗೆ ಟೀಚರಮ್ಮ ನನ್ನ ತೋಟಾಗಳ ಬುಡ ನೋಡಿ ನಿಟ್ಟುಸಿರು ಬಿಟ್ಟರು. ಕೇಪುಗಳೆಲ್ಲ ಭದ್ರವಾಗಿಯೇ ಕೂತಿದ್ದವು, ಆದರೆ ಎಲ್ಲವೂ ತಲೆಕೆಳಗಾಗಿ! ಕೇಪಿನ ಟ್ರೇಯಲ್ಲಿ ನಾನೇ ಮಗುಚಿ ಜೋಡಿಸಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. "ಬುಡ ನೋಡದೆ ಮನೆಯಿಂದ ಹೊರಡಬಾರದು," ಎಂದು ಎಲ್ಲರೆದುರೇ ಬೈದರು. ನಾನು ಹೇಳಿದ್ದು ಮಂತ್ರವಲ್ಲ, ಬರೀ ಎಣಿಕೆ ಎಂದು ಹೇಳುವಷ್ಟು ಮುಖ ನನಗೆ ಉಳಿದಿರಲಿಲ್ಲ.

ತಿಂಗಳಾದ ಮೇಲೆ ನನ್ನ ಪಕ್ಕದಲ್ಲೇ ನಿಂತಿದ್ದ ಅಜ್ಜನ ಕೋವಿ ಕ್ಲಿಕ್ಕೆಂದಿತು. ಅಷ್ಟು ಗಟ್ಟಿ ಮನುಷ್ಯನ ಮುಖವೂ ಬಿಳಿಚಿತು. ಕೋವಿಯನ್ನು ಗುರಿಯಿಂದ ಕದಲಿಸದೆ, ಕಣ್ಣು ಮುಚ್ಚಿ, ನನ್ನದೇ ರಾಗದಲ್ಲಿ ಶುರು ಮಾಡಿದರು: "ಒಂಡು... ಎರಡು... ಮೂರು..." ಅಲ್ಲಿಗೆ ನಿಂತುಹೋಯಿತು. ಒಂದೇ ಕಣ್ಣು ತೆರೆದು ನನ್ನ ಕಡೆ ನೋಡಿ ಪಿಸುಗುಟ್ಟಿದರು:

"ಮುಂದಿನ ಮಂತ್ರ ಬೇಗ ಹೇಳು! ದೇವರು ಕಾಯುತ್ತಿದ್ದಾನೆ."