ಮಾವನ ಪಿಕಪ್ಪಿನ ಮೆತ್ತನೆ ಗೇರು

ಮಾವನ ಪಿಕಪ್ಪಿನ ಗೇರ್‌ಬಾಕ್ಸ್ ಹೋಗಿದೆ. ರಾಯಚೂರಿನಿಂದ ದೇವದುರ್ಗದವರೆಗೆ ಇದನ್ನು ನಂಬದವರೇ ಇರಲಿಲ್ಲ. ನಮ್ಮ ಕಡೆ ಗಾಡಿ ಕೆಟ್ಟಾಗಲೆಲ್ಲ ಹೀಗೇ: ಮೊದಲು ತೀರ್ಪು, ಆಮೇಲೆ ತನಿಖೆ. ತನಿಖೆಗೆ ಪುರಸೊತ್ತಿದ್ದರೆ.

ಸೋದರಮಾವನಿಗೆ ಮಾನ್ವಿಯಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಕೆಲಸ. ಮಾಳಿಗೆಯಿಂದ ಬಿದ್ದು ಎಡ ಮೊಣಕಾಲು ಮಡಚದಂತಾದ ಮೇಲೆ ಕ್ಲಚ್ ಇರುವ ಗಾಡಿ ಅವರಿಂದ ಆಗದು. ಅದಕ್ಕೇ ಹೈದರಾಬಾದಿನಿಂದ ಈ ಹಳೇ ಆಟೋಮ್ಯಾಟಿಕ್ ಪಿಕಪ್ ಹುಡುಕಿ ತಂದಿದ್ದರು. ಇದು ನಿಂತರೆ ಅವರು ಗಾಡಿ ಓಡಿಸುವುದೂ ನಿಂತಂತೆ. ಈಗ ನೋಡಿದರೆ ಗೇರು ಬದಲಾಗುವುದು ಗೊತ್ತೇ ಆಗದಷ್ಟು ಮೆತ್ತಗೆ. ಲೋಡ್ ಹಾಕಿದರೆ ಏರಿನಲ್ಲಿ ಏದುಸಿರು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಓದಿದ್ದೇನೆಂಬ ಒಂದೇ ತಪ್ಪಿಗೆ ಮಾವ ನನ್ನನ್ನು ಊರೂರು ಎಳೆದುಕೊಂಡು ಹೋದರು.

ಪೆಡಲ್ ಎಣಿಸಿದವರು

ರಾಯಚೂರಿನಲ್ಲಿ ಸಿಕ್ಕವರು ದೊಡ್ಡ ಹೆಸರಿನ ಗ್ಯಾರೇಜ್ ಮೇಸ್ತ್ರಿ. ಬಾಗಿಲು ತೆಗೆದು, ಸೀಟಿನಲ್ಲಿದ್ದ ಮಾವನ ಕಾಲಬುಡಕ್ಕೆ ಇಣುಕಿ ಪೆಡಲ್ ಎಣಿಸಿದರು. ಎರಡು. ಮತ್ತೊಮ್ಮೆ ಎಣಿಸಿದರು.

"ಕ್ಲಚ್ ಯಾರು ಬಿಚ್ಚಿದ್ರೀ?"

"ಯಾರೂ ಬಿಚ್ಚಿಲ್ರೀ, ಕಂಪನಿಯವ್ರೇ ಕೊಟ್ಟಿಲ್ಲ."

ಮೇಸ್ತ್ರಿ ನನ್ನತ್ತ ತಿರುಗಿದರು. "ಸರ, ನೀವು ಓದಿದವ್ರು. ನೋಡಿ ತಗೋಬೇಕಲ್ಲ?"

ಓಡಿಸಿ ನೋಡಿ ಎಂದೆ. ಒಪ್ಪಲಿಲ್ಲ. "ಅವ್ರೇ ಓಡಸ್ಲಿ, ನಾ ಬಾಜೂಕ ಕೂಡ್ತೀನಿ." ಆಮೇಲೆ ಬಂದ ಪಂಡಿತರೆಲ್ಲ ಇದೇ ಸಂಪ್ರದಾಯ ಪಾಲಿಸಿದರು. ಒಂದು ಸುತ್ತು ಹಾಕಿ ಇಳಿದು ಮೇಸ್ತ್ರಿ ಹೇಳಿದರು:

"ಗೇರ್‌ಬಾಕ್ಸ್ ಹೋಗ್ಯಾದ. ಒಂದು ಕ್ಲಚ್ ಹಾಕಿಸ್ರಿ, ಎಲ್ಲಾ ಸರಿ ಆಗ್ತದ."

ವಾಸನೆ ನೋಡಿದವರು

ಮಾನ್ವಿಯ ಮೇಸ್ತ್ರಿ ಟ್ರ್ಯಾಕ್ಟರ್ ರಿಪೇರಿಯಲ್ಲಿ ಪಳಗಿದವರು. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದರು. ಬೆರಳಿಗೆ ಸವರಿ, ಮೂಸಿ, ಚಹಾ ಕುಡಿಯುತ್ತಿದ್ದವರಿಗೂ ಮೂಸಲು ಕೊಟ್ಟರು. ಎಲ್ಲರೂ ಸಾವಿನ ಮನೆಗೆ ಬಂದವರಂತೆ ತಲೆ ಆಡಿಸಿದರು.

"ಕರ್ರಗಾಗ್ಯಾದ. ಸುಟ್ಟ ವಾಸನಿ. ಗೇರ್‌ಬಾಕ್ಸ್ ಹೋತು."

"ಅದು ಎಂಜಿನ್ ಆಯಿಲ್ ಕಡ್ಡಿ," ಎಂದೆ. "ಗೇರ್‌ಬಾಕ್ಸಿನ ಕಡ್ಡಿ ಹಿಂದೆ ಇದೆ."

"ಎಂಜಿನ್‌ದೇ ಹಿಂಗದ ಅಂದಮ್ಯಾಲ ಗೇರ್‌ಬಾಕ್ಸಿಂದು ಕೇಳಬ್ಯಾಡ್ರಿ ಸರ."

ಎಂಜಿನ್ ಚಾಲೂ ಇಡಿಸಿ ಹಿಂದಿನ ಕಡ್ಡಿ ನಾನೇ ಎಳೆದೆ. ಆಯಿಲ್ ಎಷ್ಟಿರಬೇಕೋ ಅಷ್ಟಿತ್ತು. ತಿಳಿಗೆಂಪು, ಸುಟ್ಟ ವಾಸನೆಯೂ ಇಲ್ಲ. ಅದು ಹಾಗೇ ಇರಬೇಕು. ಅವರು ಬಗ್ಗಿ ನೋಡಿ ಲೊಚಗುಟ್ಟಿದರು.

"ಕೆಂಪಗಾಗ್ಯಾದ ನೋಡ್ರಿ! ಒಳಗ ಪೂರಾ ತುಕ್ಕು."

ದುಬೈ ಕಂಡವರು

ಮಲ್ಲಟದಲ್ಲಿ ಮಾವನ ಬೀಗರೊಬ್ಬರಿದ್ದಾರೆ. ದುಬೈಯಲ್ಲಿ ಎಂಟು ವರ್ಷ ಇದ್ದು ಬಂದವರು. ಮಾವನ ಬಾಜೂಕ ಕೂತು, ಕಣ್ಣು ಮುಚ್ಚಿ, ಗೇರು ಬೀಳುವುದನ್ನು ಆಲಿಸಿದರು.

"ಮುಗೀತು. ಅಲ್ಲೆಲ್ಲ ಹಿಂಗಾದ್ರ ಗಾಡಿ ಮರಳಾಗ ಬಿಟ್ಟು ಮನಿಗೆ ಹೋಗ್ತಾರ."

ಮಾವನ ಮುಖ ಸಣ್ಣದಾಯಿತು. ನನಗೆ ಉರಿಯಿತು. "ಅಲ್ಲಿ ನೀವು ಯಾವ ಗಾಡಿ ಓಡಿಸುತ್ತಿದ್ದಿರಿ?"

"ಗಾಡಿ ಅಲ್ರೀ, ಹೋಟೆಲ್ ಲಿಫ್ಟ್. ಅದೂ ಆಟೋಮ್ಯಾಟಿಕ್ಕೇ."

ಬಿಚ್ಚಲು ಬಂದವರು

ಕೊನೆಗೆ ಒಂದು ಮದುವೆಗೆ ಪಾತ್ರೆ ಹೇರಿಕೊಂಡು ದೇವದುರ್ಗಕ್ಕೆ ಹೋದೆವು. ಏರಿನಲ್ಲಿ ನಮ್ಮನ್ನು ಎತ್ತಿನ ಗಾಡಿಯೊಂದು ದಾಟಿಹೋಯಿತು. ಗಾಡಿಯವ ಕೈ ಬೀಸಿದ. ಪಾತ್ರೆ ಇಳಿಸಿ ಸೀದಾ ಗ್ಯಾರೇಜಿಗೆ ಹೋದೆವು.

ನಾನು ಅಷ್ಟರಲ್ಲಿ ಓದಿಕೊಂಡಿದ್ದೆ. ಎಕ್ಸಲರೇಟರ್ ಎಷ್ಟು ಒತ್ತುತ್ತೇವೆಂಬುದನ್ನು ಗೇರ್‌ಬಾಕ್ಸಿಗೆ ತಿಳಿಸಲು ಒಂದು ಕೇಬಲ್ ಇರುತ್ತದೆ. ಜೋರಾಗಿ ಒತ್ತಿದರೆ ಗೇರು ಗಟ್ಟಿಯಾಗಿ ಬೀಳುತ್ತದೆ, ಸ್ವಲ್ಪ ಒತ್ತಿದರೆ ಮೆತ್ತಗೆ. ಅಲ್ಲಿನ ಮೇಸ್ತ್ರಿ ಬಾನೆಟ್ ಒಳಗಿಂದ ಆ ಕೇಬಲ್ಲನ್ನು ಕೈಯಿಂದ ಎಳೆದು ನೋಡಿದ. ಬೆಣ್ಣೆಯಂತೆ ಸರಿಯಿತು.

"ಕೇಬಲ್ ಚೊಲೋ ಅದ. ಅಂದ್ರ ಗೇರ್‌ಬಾಕ್ಸೇ ಹೋಗಿದ್ದು."

"ಮಾವ, ಪೆಡಲ್ ಪೂರ್ತಿ ಒತ್ತುತ್ತೀರಲ್ಲ?"

"ನೆಲಕ್ಕ ತಾಗೂತನಾ ಒತ್ತತೀನಲೇ! ಇನ್ನೇನು ಗಾಡಿ ತೂತು ಮಾಡ್ಲೇನು?"

ಇಷ್ಟಾದ ಮೇಲೆ, ಹೇಳಲು ನಾಚಿಕೆ, ನಾನೂ ಗೇರ್‌ಬಾಕ್ಸ್ ಹೋಗಿದೆ ಎಂದೇ ನಂಬಿದೆ. ಮೇಸ್ತ್ರಿ ನಟ್ಟು ಬಿಚ್ಚುವ ಪಾನಾ ತಂದ.

"ಬಿಚ್ಚೋದು ನನ್ನ ಕೈಯಾಗ ಅದ. ತಿರುಗಿ ಕೂಡಿಸೋದು ದೇವರ ಕೈಯಾಗ. ಬಿಚ್ಚಲೇನ್ರೀ?"

ಮಾವ ಸ್ಟೇರಿಂಗ್ ಸವರಿದರು. "ಇದು ಹೋದ್ರ ನಾ ಇನ್ನೊಬ್ಬರ ಗಾಡ್ಯಾಗ ಸಾಮಾನು ಕೂತಂಗ ಕೂಡಬೇಕಪ್ಪಾ. ಆಯ್ತು, ಬಿಚ್ಚು."

"ಮೊದ್ಲ ಕ್ಯಾಬಿನ್ ಖಾಲಿ ಮಾಡ್ರಿ."

ಖಾಲಿ ಮಾಡುವ ಕೆಲಸವೂ ಓದಿದವನದೇ. ಹಗ್ಗ, ಎರಡು ಸೌಟು, ಯಾರದೋ ಮದುವೆಯ ಬಾಸಿಂಗ ತೆಗೆದೆ. ಆಮೇಲೆ, ಮಾವನ ಮಡಚದ ಕಾಲಿಗೆ ಮೆತ್ತಗಿರಲೆಂದು ಅತ್ತೆ ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿದ್ದ, ಹಳೇ ಬಟ್ಟೆ ಹೊಲಿದ ದಪ್ಪ ಕೌದಿ. ಅದರ ಒಂದು ತುದಿ ಬಲಕ್ಕೆ ಸರಿದು ಎಕ್ಸಲರೇಟರಿನ ಕೆಳಗೆ ಸೇರಿತ್ತು. ಎಳೆದು ಹೊರಗೆ ಹಾಕಿದೆ.

"ಮಾವ, ಈಗ ಒತ್ತಿರಿ."

ಪೆಡಲ್ ಇನ್ನೂ ಮೂರು ಬೆರಳು ಕೆಳಗೆ ಹೋಯಿತು.