ಬೋಳಿಸಿದ ತಲೆ ಮತ್ತು ಕಪಾಳದ ಪೆಟ್ಟನ್ನು ಗುರುತಿಸುವ ಕುರಿತು

ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ
ಭದ್ರತಾ ಉಪಸಮಿತಿ, ಬೂದಿಗೆರೆ ರಸ್ತೆ
ಸಂಖ್ಯೆ: ನಿಕ್ಷೇಸಂ/ಭದ್ರತೆ/ಕಪಾಳ/01/2025-26

ವಿಷಯ: ಗೇಟಿನ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಗುರುತಿಸುವ ಹಾಗೂ ತಡೆಗಟ್ಟುವ ಬಗ್ಗೆ.

ಉಲ್ಲೇಖ: ಕಾವಲುಗಾರ ಶ್ರೀ ಮುನಿವೆಂಕಟಪ್ಪ ಅವರು ಸ್ವಚ್ಛತಾ ಸಿಬ್ಬಂದಿ ಶ್ರೀಮತಿ ಅಶ್ವತ್ಥಮ್ಮ ಅವರ ಕೈಯಲ್ಲಿ ಬರೆಸಿದ ದೂರು.

ಕಳೆದ ಶನಿವಾರ ಬೆಳಿಗ್ಗೆ, ತಿರುಪತಿಯಲ್ಲಿ ಮುಡಿ ಕೊಟ್ಟು ಹಿಂದಿರುಗಿದ ಬಿ-12ರ ಶ್ರೀ ಭಾನುಪ್ರಕಾಶ್ ಅವರನ್ನು ಗುರುತಿಸದೆ, ಸದರಿ ಕಾವಲುಗಾರರು "ಯಾರ್ ಮನೆಗ್ ಬಂದಿದ್ದೀರಾ ಸ್ವಾಮಿ?" ಎಂದು ಕೇಳಿ ಸಂದರ್ಶಕರ ಪುಸ್ತಕ ಮುಂದಿಟ್ಟಿದ್ದು, "ನನ್ ಮನೆಗ್ ನಾನ್ ಹೋಗಕ್ಕೆ ನಿನ್ನ ಕೇಳ್ಬೇಕೇನ್ಲಾ?" ಎಂಬ ಉತ್ತರದ ಜೊತೆಗೆ ಕಪಾಳಕ್ಕೆ ಒಂದು ಪೆಟ್ಟು ಬಿದ್ದಿರುವುದು ಸಮಿತಿಯ ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

1. ಬೈಗುಳವು ಹಲ್ಲೆಯಲ್ಲ. ಅದನ್ನು ನಿವಾಸಿಯ ಅಭಿಪ್ರಾಯವೆಂದು ಸಲಹಾ ಪುಸ್ತಕದಲ್ಲಿ ದಾಖಲಿಸತಕ್ಕದ್ದು.

2. ಪೆಟ್ಟು ಬಿದ್ದಿದೆಯೆಂದು ಒಪ್ಪಲು ಕೆನ್ನೆಯ ಮೇಲೆ ಕನಿಷ್ಠ ಮೂರು ಬೆರಳಿನ ಗುರುತು ಇರತಕ್ಕದ್ದು. ಸಮಿತಿಯು ತಿಂಗಳ ಎರಡನೇ ಭಾನುವಾರ ಮಾತ್ರ ಸೇರುವುದರಿಂದ, ಅಲ್ಲಿಯವರೆಗೆ ಗುರುತು ಮಾಸದಂತೆ ಸಿಬ್ಬಂದಿಯೇ ನೋಡಿಕೊಳ್ಳತಕ್ಕದ್ದು.

3. ಹಲ್ಲೆ ತಡೆಗಟ್ಟುವ ಸಲುವಾಗಿ, ಸಿಬ್ಬಂದಿಯು ಪ್ರತಿ ನಿವಾಸಿಯ ಮುಖವನ್ನು ಕೂದಲು ಸಹಿತ ಹಾಗೂ ಕೂದಲು ರಹಿತವಾಗಿ ನೆನಪಿಡತಕ್ಕದ್ದು. ಅಭ್ಯಾಸಕ್ಕಾಗಿ ಫೋಟೋಗಳಲ್ಲಿ ತಲೆಯ ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಬಹುದು. ಮಹಿಳೆಯರ ಫೋಟೋಗಳಿಗೆ ಲಿಖಿತ ಅನುಮತಿ ಅಗತ್ಯ.

4. ಮುಡಿ ಕೊಡಲು ಹೊರಡುವವರು ಗೇಟಿನಲ್ಲಿ ಒಂದು ಮಾತು ಹೇಳಿ ಹೋಗಬೇಕೆಂಬ ನಿಯಮವನ್ನು, ಭಕ್ತರ ಮನಸ್ಸಿಗೆ ನೋವಾಗುವ ಕಾರಣ ಕೈಬಿಡಲಾಗಿದೆ.

5. ಪೆಟ್ಟಿನ ನಂತರ ನಿವಾಸಿಯ ಮನೆಯಿಂದ ಲಡ್ಡು ಬಂದಲ್ಲಿ, ಲಡ್ಡನ್ನೂ ಪೆಟ್ಟನ್ನೂ ಪ್ರಸಾದವೆಂದೇ ಸ್ವೀಕರಿಸತಕ್ಕದ್ದು. ಶ್ರೀ ಮುನಿವೆಂಕಟಪ್ಪ ಅವರು ಅರ್ಧ ಲಡ್ಡು ತಿಂದು, ಉಳಿದರ್ಧವನ್ನು ಮೊಮ್ಮಗಳಿಗೆಂದು ಕಾಗದದಲ್ಲಿ ಕಟ್ಟಿಕೊಂಡಿರುವುದಕ್ಕೆ ಸಿಸಿಟಿವಿ ಸಾಕ್ಷ್ಯವಿರುತ್ತದೆ.

6. ಸದರಿಯವರು ಸೋಮವಾರದೊಳಗೆ ದೂರು ಹಿಂಪಡೆದು, ಗುರುತಿಸದ ತಪ್ಪಿಗೆ ಕ್ಷಮೆ ಕೋರತಕ್ಕದ್ದು. ತಪ್ಪಿದಲ್ಲಿ ಕೆಲಸದಿಂದ ಬಿಡುಗಡೆಗೊಳಿಸಲಾಗುವುದು. ಇದನ್ನು ಅಧ್ಯಕ್ಷರು ಖುದ್ದಾಗಿ ಮೂರು ಸಲ ಕರೆದು ಹೇಳಿದರೂ ಅವರು ತಿರುಗಿ ನೋಡದಿರುವುದನ್ನು ಅವಿಧೇಯತೆಯೆಂದು ಪರಿಗಣಿಸಲಾಗಿದೆ.

ಸಹಿ/-
(ಅನಿಲ್‌ಕುಮಾರ್)
ಸಂಚಾಲಕರು, ಭದ್ರತಾ ಉಪಸಮಿತಿ

ಪ್ರತಿಗಳು:
1. ಸೂಚನಾ ಫಲಕ, ಲಿಫ್ಟಿನ ಪಕ್ಕ.
2. ಶ್ರೀ ಭಾನುಪ್ರಕಾಶ್, ಬಿ-12: ಗೌರವಪೂರ್ವಕವಾಗಿ, ಮಾಹಿತಿಗಾಗಿ.
3. ಶ್ರೀಮತಿ ಅಶ್ವತ್ಥಮ್ಮ: ಶ್ರೀ ಮುನಿವೆಂಕಟಪ್ಪ ಅವರಿಗೆ ಓದಿ ಹೇಳಲು. ಶನಿವಾರದಿಂದ ಅವರಿಗೆ ಎಡಗಿವಿ ಕೇಳಿಸುತ್ತಿಲ್ಲವಾದ್ದರಿಂದ, ಬಲಗಡೆ ನಿಂತು ಓದತಕ್ಕದ್ದು.